ಹಿಂದಕ್ಕೆ ವಾಲು

ಕುದುರೆ ಹಿಡಿದ ಹುಡುಗನ ಹೆಸರು ಬುಲ್ಚಾ.
ಕುದುರೆಯದು ದಾಲಚ, ಅಂದರೆ ಬೂದು.
ಒಂದು ತಾಸಿಗೆ ನಾನೂರು ಬಿರ್, ಮುಂಗಡ.
ಚೌಕಾಸಿಗೆ ಬಾಯಿ ತೆರೆದೆ.
ಅಷ್ಟರಲ್ಲಿ ನನ್ನ ಚೀಲದ ಹುರಿದ ಬಾರ್ಲಿಯನ್ನು
ದಾಲಚ ಮೂಸಿತು. ವ್ಯವಹಾರ ಅಲ್ಲಿಗೆ ಮುಗಿಯಿತು.

"ಏರುವಾಗ ಮುಂದಕ್ಕೆ ಬಾಗು, ಅಕ್ಕಾ,
ಇಳಿಯುವಾಗ ಹಿಂದಕ್ಕೆ ವಾಲು.
ಉಳಿದದ್ದು ಅವನಿಗೆ ಗೊತ್ತು."
ಅವನೆಂದರೆ ಕುದುರೆ.

ಎಂತೋತೊ ಬೆಟ್ಟದ ಮೇಲೆ ಬಿಸಿಲು ಹುಟ್ಟಿ ಎರಡು ಗಂಟೆ.
ಕೆಳಗೆ ಅಡಿಸ್ ಅಬಾಬ ಹೊಗೆಯ ಕಂಬಳಿ ಹೊದ್ದು
ಅರ್ಧ ಕಟ್ಟಿದ ಮಹಡಿಗಳ ಮೊಣಕೈ ಹೊರಗೆ ಚಾಚಿ
ಇನ್ನೂ ಮಲಗಿತ್ತು.
ಇಲ್ಲಿ ಗಾಳಿ ತೆಳು; ಎರಡು ಉಸಿರೆಳೆದರೆ
ಒಂದರಷ್ಟು ದಕ್ಕುತ್ತದೆ.
ಎತ್ತ ನೋಡಿದರೂ ನೀಲಗಿರಿ, ಸುಲಿದ ತೊಗಟೆ, ಸದ್ದು.
ನಮ್ಮವರು ಇದಕ್ಕೆ ಇಟ್ಟ ಹೆಸರು ಕಡಲಾಚೆಯ ಮರ.
ಬಂದು ನೂರು ವರ್ಷ ದಾಟಿತು, ಇನ್ನೂ ಪರದೇಶಿ.
ಊರಿನ ಒಲೆಯೆಲ್ಲ ಅದರಿಂದಲೇ ಉರಿದರೂ
ಹೆಸರು ಬದಲಿಸುವ ಪುರಸೊತ್ತು ಯಾರಿಗೂ ಆಗಲಿಲ್ಲ.

ಬುಲ್ಚಾ ಹಗ್ಗ ಹಿಡಿದು ಮುಂದೆ ನಡೆದ.
ಎರಡೂ ಕಾಲಿಗೆ ಪ್ಲಾಸ್ಟಿಕ್ ಬೂಟು, ಬಣ್ಣ ಮಾತ್ರ ಬೇರೆ ಬೇರೆ.
ಹಿಂದಿನ ಕಾಲದಲ್ಲಿ ವೀರರನ್ನು
ಕುದುರೆಯ ಹೆಸರಿಂದ ಕರೆಯುತ್ತಿದ್ದರಂತೆ,
ಇಂಥ ಕುದುರೆಯ ಅಪ್ಪ, ಎಂದು.
"ನನಗೂ ಅಬ್ಬಾ ದಾಲಚ ಅಂತಾರೆ."
"ಯಾರು?"
"ಸದ್ಯಕ್ಕೆ ನನ್ನ ತಮ್ಮ."

ತಿರುವಿನಲ್ಲಿ ದಾಲಚ ಕಿವಿ ನಿಮಿರಿಸಿ ನಿಂತಿತು.
ಮೊದಲು ಕಂಡದ್ದು ಸೌದೆ.
ದಾರಿಯ ಅಗಲಕ್ಕೂ ಅಡ್ಡಬಿದ್ದ ಹೊರೆ, ಎಲೆ ಸಮೇತ,
ಅದರ ಕೆಳಗೆ ಎರಡು ಪಾದ.
ಹಿಂದೆ ಇನ್ನೊಂದು ಹೊರೆ. ಮತ್ತೆರಡು ಪಾದ.
ಬುಲ್ಚಾ ಹೇಳಲಿಲ್ಲ, ನಾನು ಲಗಾಮು ಎಳೆಯಲಿಲ್ಲ;
ಕುದುರೆ ತಾನೇ ಮುಳ್ಳುಪೊದೆಗೆ ಹೊಟ್ಟೆಯೊತ್ತಿ
ದಾರಿ ಬಿಟ್ಟಿತು. ಬಿಟ್ಟಿತು ಅನ್ನಬಾರದು, ಬಿಟ್ಟ.
ಹೊತ್ತವರಿಗೆ ಗೊತ್ತು ಹೊರೆ.
ಮೇಲೆ ಕೂತ ನಾನೊಬ್ಬಳು ಏನೂ ಹೊರದವಳು,
ಬ್ಯಾಂಕಿನ ಕೆಲಸಕ್ಕೆ ತೊಡುವ ಶೂ ತೊಟ್ಟವಳು.

ಅವರು ತಲೆ ಎತ್ತಿ ನೋಡಲಿಲ್ಲ. ಎತ್ತಲಾಗದು.
ಅಷ್ಟು ಬಾಗಿದ ಬೆನ್ನಿಗೆ ಲೋಕವೆಂದರೆ
ಮುಂದಿನ ಮೂರು ಕಲ್ಲು.
ನನ್ನ ಅಮ್ಮ ಅಸ್ಕಾಲೆ ಹನ್ನೊಂದು ವರ್ಷ
ಇದೇ ದಾರಿ ಇಳಿದಳು, ತನಗಿಂತ ಭಾರ ಹೊತ್ತು.
ಕಾವಲುಗಾರನಿಗೆ ಎರಡು, ರೊಟ್ಟಿಗೆ ಐದು,
ನನ್ನ ಶಾಲೆಯ ಕಾಲುಚೀಲಕ್ಕೆ ಒಂದೂವರೆ,
ನಡೆಯುತ್ತಲೇ ಬೆರಳು ಮಡಿಸುವಳು.
ಶನಿವಾರ ನನಗೂ ಒಂದು ಪುಟ್ಟ ಹೊರೆ, ಆಟಕ್ಕೆಂದು ಕಟ್ಟಿಕೊಟ್ಟದ್ದು;
ಮಾರಿದ್ದು ಆಟಕ್ಕಲ್ಲ.
ನಮ್ಮ ಕೂದಲಲ್ಲೆಲ್ಲ ನೀಲಗಿರಿಯ ಘಾಟು.
ನೆಗಡಿ ನಮ್ಮ ಮನೆಯ ವಿಳಾಸ ಮರೆತಿದೆ, ಎಂದು ನಗುವಳು.

ಆಮೇಲೆ ಇಳಿಜಾರು.
"ಹಿಂದಕ್ಕೆ, ಅಕ್ಕಾ, ಹಿಂದಕ್ಕೆ ವಾಲು!"
ಕಿವಿ ಕೇಳಿತು, ಬೆನ್ನು ಕೇಳಲಿಲ್ಲ.
ದಾಲಚನ ಜೂಲಿಗೆ ಹಣೆ ತಾಗುವಷ್ಟು ಬಾಗಿದ್ದೆ,
ಎರಡೂ ಮುಷ್ಟಿ ಎದೆಯ ಮುಂದೆ,
ಇಲ್ಲದ ಹಗ್ಗದ ಗಂಟನ್ನು ಬಿಗಿಹಿಡಿದು.
ಅವನು ಒಮ್ಮೆ ಎಡವಿದ. ಸಾವರಿಸಿಕೊಂಡ.
"ಯಾರು ಕಲಿಸಿದರು ನಿನಗೆ ಹೀಗೆ ಕೂರಲು?"
ಬುಲ್ಚಾ ನಿಜಕ್ಕೂ ಸಿಟ್ಟಾಗಿದ್ದ.

ಇಳಿದುಬಿಟ್ಟೆ. ತಾಸಿಗೆ ಇನ್ನೂ ಇಪ್ಪತ್ತು ನಿಮಿಷವಿತ್ತು.
"ದುಡ್ಡು ವಾಪಸಿಲ್ಲ," ಅಂದ.
ಅಂಗೈಯ ಬಾರ್ಲಿಯನ್ನು ದಾಲಚ
ಒಂದು ಕಾಳೂ ಬಿಡದೆ ಬಿಸಿ ತುಟಿಯಲ್ಲಿ ಬಳಿದು ತಿಂದ;
ಮೂವರೂ ನಡೆದೆವು, ಅವನು ನಡುವೆ.

ಸಂಜೆ ಅಮ್ಮ ಕಾಫಿ ಬಗ್ಗಿಸುತ್ತಾ
ನನ್ನ ತಲೆಯ ಹತ್ತಿರ ತಡೆದಳು. ಮೂಸಿದಳು.
ಕುದುರೆ ವಾಸನೆ, ಅಂದೆ.
ಹೌದೌದು, ಅಂದಳು,
ಕುದುರೆ.